ಚೀಲದಲ್ಲೇ ಉಳಿದ ಮೀಟರ್

2024ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟು ಹತ್ತಕ್ಕೆ ನಾನು ತ್ಯಾಗರಾಜನಗರದ ಮನೆಯೊಂದರ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಮಲ್ಲಿಗೆ ಕುಂಡದ ಎದುರು ನಿಂತಿದ್ದೆ. ಹೆಗಲಿನ ಚೀಲದಲ್ಲಿ ಟಿಡಿಎಸ್ ಮೀಟರ್ ಇತ್ತು. ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ಅರೆ ನಿಮಿಷದಲ್ಲಿ ತೋರಿಸುವ, ಪೆನ್ನಿನುದ್ದದ ಸಾಧನ ಅದು. ತೋಟಗಾರಿಕೆ ಅಧಿಕಾರಿಯಾಗಿ ನಿವೃತ್ತನಾದ ಮೇಲೆ ಕರೆದವರ ಮನೆಗೆ ಹೋಗಿ ಗಿಡ ನೋಡುತ್ತಿದ್ದೆ.

ಎರಡು ತಿಂಗಳ ಹಿಂದೆ ಊರಿಗೆಲ್ಲ ನೀರಿನ ತಾಪತ್ರಯವಿದ್ದಾಗ, ಅದೇ ಬಡಾವಣೆಯ ಪಾರ್ಕಿನಲ್ಲಿ ಕೈತೋಟದ ಬಗ್ಗೆ ಮಾತನಾಡಿದ್ದೆ. ಕುಡಿಯುವ ನೀರು ಸೋಸುವ ಆರ್‌ಒ ಫಿಲ್ಟರ್ ಹೊರಬಿಡುವ ಉಳಿಕೆ ನೀರನ್ನು ಮೋರಿಗೆ ಚೆಲ್ಲದೆ ಗಿಡಕ್ಕೆ ಹಾಕಿ ಎಂದೆ. ಚಪ್ಪಾಳೆ ಬಿತ್ತು. ಆ ನೀರಿನಲ್ಲಿ ಲವಣ ಹೆಚ್ಚು, ಅರ್ಧದಷ್ಟು ಒಳ್ಳೆಯ ನೀರು ಬೆರೆಸಬೇಕು, ಎರಡು ವಾರಕ್ಕೊಮ್ಮೆ ಕುಂಡದ ತಳದಿಂದ ಹರಿದುಹೋಗುವಷ್ಟು ನೀರು ಹಾಯಿಸಿ ಮಣ್ಣನ್ನು ತೊಳೆಯಬೇಕು ಎಂಬುದು ಟಿಪ್ಪಣಿಯ ಮುಂದಿನ ಸಾಲಿನಲ್ಲಿತ್ತು. ಚಪ್ಪಾಳೆಯ ನಂತರ ನಾನು ಆ ಸಾಲನ್ನು ಓದಲಿಲ್ಲ.

ಮನೆಯೊಡತಿ ಶಾರದಮ್ಮ ನಿವೃತ್ತ ಶಿಕ್ಷಕಿ, ಅಂದು ಪಾರ್ಕಿನಲ್ಲಿ ನನ್ನ ಮಾತು ಕೇಳಿದವರು. ಇಪ್ಪತ್ತೆಂಟು ಕುಂಡಗಳಲ್ಲಿ ಹತ್ತೊಂಬತ್ತರ ಎಲೆಯಂಚು ಸುಟ್ಟಂತೆ ಕಂದಿತ್ತು. ಕುಂಡಗಳ ಬಾಯಿಯ ಸುತ್ತ ಬಿಳಿ ಪದರ ಕಟ್ಟಿತ್ತು. ಟ್ಯಾಂಕಿನ ಬುಡದಲ್ಲಿ ಅಡುಗೆಮನೆಯ ಫಿಲ್ಟರಿನಿಂದ ತಂದಿಟ್ಟ ಎರಡು ಬಕೆಟ್ ನೀರು. ನನಗೆ ಆಗಲೇ ಗೊತ್ತಾಯಿತು. ಚೀಲದ ಜಿಪ್ ಅರ್ಧ ಎಳೆದೆ.

"ಯೂರಿಯಾ ಜಾಸ್ತಿ ಹಾಕಿದಾನೆ ಅನ್ಸತ್ತೆ, ಅಲ್ವಾ ಸಾರ್?" ಎಂದರು ಶಾರದಮ್ಮ. ಅವರು ಹೇಳಿದ್ದು ಬಿಳೇಕಹಳ್ಳಿಯಿಂದ ಸೈಕಲ್ಲಿನಲ್ಲಿ ಬರುವ ಮಾಲಿ ಚಿಕ್ಕಣ್ಣನ ಬಗ್ಗೆ. ಆತ ಅಲ್ಲೇ ನಿಂತಿದ್ದ. ಪಕ್ಕದ ತಾರಸಿಯಲ್ಲಿ ನೆರೆಮನೆಯ ವಸಂತಾ ಬಟ್ಟೆ ಒಣಹಾಕುತ್ತಿದ್ದರು.

ಗೊಬ್ಬರ ಹೆಚ್ಚಾದರೂ ಎಲೆ ಹೀಗೆಯೇ ಸುಡುತ್ತದೆ. ನೋಟದಿಂದ ಬೇರೆ ಮಾಡಲಾಗದು. ನೀರು ಅಳೆದರೆ ಮಾತ್ರ ತಿಳಿಯುತ್ತದೆ.

"ಇರಬಹುದು" ಎಂದೆ. ಜಿಪ್ ಮುಚ್ಚಿದೆ.

"ಯೂರಿಯಾ ಮುಟ್ಟೇ ಇಲ್ಲ ಸಾರ್ ನಾನು. ದಾಸವಾಳಕ್ಕೂ ಬರೀ ಹಿಂಡಿ ಹಾಕ್ತೀನಿ" ಎಂದ ಚಿಕ್ಕಣ್ಣ, ಆ ಬಿಳಿ ಪದರವನ್ನು ಉಗುರಿನಿಂದ ಕೆರೆದು ನಾಲಿಗೆಗಿಟ್ಟುಕೊಂಡ. "ಉಪ್ಪು ಸಾರ್ ಇದು. ಫಿಲ್ಟರ್ ನೀರಿಂದು. ನೀವೂ ನೋಡಿ."

"ಗೊಬ್ಬರಾನೂ ಒಂದು ಥರದ ಉಪ್ಪೇ ಕಣಪ್ಪ" ಎಂದೆ. ಮಾತು ಸುಳ್ಳಲ್ಲ. ಹೇಳಿದ ಉದ್ದೇಶ ಸುಳ್ಳು.

"ನಾಳೆಯಿಂದ ಬರಬೇಡ ಚಿಕ್ಕಣ್ಣ" ಎಂದರು ಶಾರದಮ್ಮ. ಅದೇ ವಾರ ಆ ಬೀದಿಯ ಇನ್ನೆರಡು ಮನೆಯವರೂ ಅವನನ್ನು ಕೆಲಸದಿಂದ ಬಿಡಿಸಿದರು.

ಹನ್ನೊಂದು ದಿನ ತಡೆದೆ. ಹನ್ನೆರಡನೆಯ ದಿನ ಹೋಗಿ ಅಳೆದೆ. ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಎಂಬ ಲೆಕ್ಕದಲ್ಲಿ ನಲ್ಲಿಯ ಬೋರ್‌ವೆಲ್ ನೀರು 820, ಬಕೆಟ್ಟಿನದು 1,450, ಮಲ್ಲಿಗೆ ಕುಂಡದ ತಳದಿಂದ ಬಸಿದದ್ದು ಮೂರು ಸಾವಿರಕ್ಕೂ ಮೇಲೆ. ತಪ್ಪು ನನ್ನ ಸಲಹೆಯದು, ಚಿಕ್ಕಣ್ಣನದಲ್ಲ ಎಂದು ಶಾರದಮ್ಮನಿಗೆ ಹೇಳಿದೆ.

"ಅವತ್ತೇ ಹೇಳ್ಬೇಕಿತ್ತು ಸಾರ್. ಈಗ ಬೇರೆಯವರನ್ನ ಇಟ್ಕೊಂಡಾಯ್ತಲ್ಲ" ಎಂದರು.

ಬಿಳೇಕಹಳ್ಳಿಗೆ ಹೋದೆ. ಚಿಕ್ಕಣ್ಣ ಕೂರಲು ಕುರ್ಚಿ ಹಾಕಿದ. ಮೊದಲು ಕೇಳಿದ್ದು, "ಕುಂಡ ತೊಳೆದ್ರಾ ಸಾರ್? ಮಲ್ಲಿಗೆ ಉಳೀತಾ?" ಎಂದು. ನಾನು ಕ್ಷಮೆ ಕೇಳಿದಾಗ ತಲೆಯಾಡಿಸಿದ. "ನಂಗ್ಯಾಕೆ ಹೇಳ್ತೀರಾ? ನಂಗೆ ಮೊದ್ಲೇ ಗೊತ್ತಿತ್ತಲ್ಲ. ಹೋಗಿ ಆ ಬೀದೀಲಿ ಹೇಳಿ."

ಆ ಎರಡು ಮನೆಗೂ ಹೋಗಿ ಹೇಳಿದೆ. ಒಂದು ಮನೆಯವರು, "ಬಿಡಿ ಸಾರ್, ಹಳೇ ಕಥೆ" ಎಂದು ಕಾಫಿ ಕೊಟ್ಟರು. ಇನ್ನೊಂದು ಮನೆಯವರು ಅವನನ್ನು ಕರೆಸಿದರು. ಅವನು ಬರಲಿಲ್ಲ.

ಈಗ ಯಾರ ಮನೆಗೆ ಹೋದರೂ ಗಿಡ ಮುಟ್ಟುವ ಮೊದಲು ನೀರು ಅಳೆಯುತ್ತೇನೆ. ನಾನು ಹಿಂದೆ ಅವರಿಗೇನಾದರೂ ಸಲಹೆ ಕೊಟ್ಟಿದ್ದೆನೇ ಎಂದು ಕೇಳುತ್ತೇನೆ. ಗಿಡದ ರೋಗ ಹುಡುಕುವುದನ್ನು ಅಲ್ಲಿಂದ ಶುರು ಮಾಡಬೇಕೆಂದು ಕಲಿತದ್ದು ನಿವೃತ್ತನಾದ ಮೇಲೆ.

ಶಾರದಮ್ಮ ಈಗಿಲ್ಲ. ಚಿಕ್ಕಣ್ಣ ಇದ್ದಾನೆ, ಗಿರಿನಗರದ ಕಡೆ ಕೆಲಸ ಮಾಡುತ್ತಾನೆ. ಅಂದು ಪಕ್ಕದ ತಾರಸಿಯಲ್ಲಿದ್ದ ವಸಂತಾ ಕೂಡ ಇದ್ದಾರೆ. ಹೋದ ತಿಂಗಳು ತರಕಾರಿ ಅಂಗಡಿಯಲ್ಲಿ ಸಿಕ್ಕಿ ಕೇಳಿದರು: "ಅವತ್ತು ಬ್ಯಾಗಿಂದ ಏನೋ ತೆಗೆಯಕ್ಕೆ ಹೋದ್ರಲ್ಲ ಅಂಕಲ್, ಯಾಕೆ ತೆಗೀಲಿಲ್ಲ?"