ಕೇಳದೆ ದಾಟಿದ ಹೊಲ

ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ಹಿಕ್ಸ್‌ವಿಲ್ ಸ್ಟೇಶನ್ನಿನಿಂದ ಹೊರಟೆ. ಹೆಗಲಿಗೆ ಒಂದು ಬ್ಯಾಗು, ಅದರೊಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ, ದಪ್ಪ ಕೈಗವಸು, ಸ್ಟೇಶನ್ ಹತ್ತಿರದ ಅಂಗಡಿಯಲ್ಲಿ ಕೊಂಡ ಖಾರದ ಸೇವಿನ ಪೊಟ್ಟಣ. ಮ್ಯಾನ್‌ಹಟನ್ನಿಗೆ ಮುಕ್ಕಾಲು ಗಂಟೆ. ಅಲ್ಲಿ ನ್ಯೂಜೆರ್ಸಿ ಕಡೆಯ ಟ್ರೇನು ಹತ್ತಿ, ಸಮಿಟ್‌ನಲ್ಲಿ ಇಳಿದು ಇನ್ನೊಂದು ಹಿಡಿದು, ಬಾಸ್ಕಿಂಗ್ ರಿಡ್ಜ್ ತಲುಪುವಾಗ ದೀಪ ಹಚ್ಚುವ ಹೊತ್ತು. ಎರಡೂ ಟಿಕೆಟ್ಟು ಸೇರಿ ಮೂವತ್ತು ಡಾಲರಿನೊಳಗೇ ಆಯಿತು. ಚಳಿ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟು, ಅಂದರೆ ನಮ್ಮೂರಿನ ಲೆಕ್ಕದಲ್ಲಿ ಸೊನ್ನೆಗಿಂತ ಎಂಟು ಕೆಳಗೆ.

ಸ್ಟೇಶನ್ನಿಗೆ ಕಾರು ತಂದವರು ಸುಮಿತ್ರಾ ಆಂಟಿ. ಧಾರವಾಡದವರು, ಅರವತ್ತೆಂಟು ವಯಸ್ಸು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು. ಸಂಕ್ರಾಂತಿ ಊಟದಲ್ಲಿ ಪರಿಚಯವಾದಾಗ, ತಾವು ಒಂದು ಸ್ಕೀ ಹಾದಿಯ ಸಂಸ್ಥೆಗೆ ಕಾರ್ಯದರ್ಶಿ ಎಂದಿದ್ದರು. ನನಗೆ ನಗು ಬಂದಿತ್ತು. ಸ್ಕೀ ಅಂದರೆ ದುಡ್ಡಿದ್ದವರು ಗುಡ್ಡದಿಂದ ಜಾರುವ ಆಟ ಎಂದೇ ನಾನು ತಿಳಿದಿದ್ದೆ.

"ಈ ವಯಸ್ಸಲ್ಲಿ ಗುಡ್ಡದಿಂದ ಜಾರ್ತೀರಾ ಆಂಟಿ?" ಎಂದು ಕೇಳಿದ್ದೆ.

"ಗುಡ್ಡಾ ಗಿಡ್ಡಾ ಏನಿಲ್ಲವಾ, ಇದು ಕ್ರಾಸ್ ಕಂಟ್ರಿ. ನಡದಂಗ ಜಾರೂದು. ಬಂದು ನೋಡು. ಬರೂ ಮುಂದ ಗಟ್ಟಿ ಕೈಗವಸು ತಗೊಂಡು ಬಾ, ಕೆಲಸಾನೂ ಅದ."

ಆ ಶುಕ್ರವಾರ ರಾತ್ರಿ ಊಟಕ್ಕೆ ಚಪಾತಿ, ಜುಣಕ ಮಾಡಿದ್ದರು. ಬಡಿಸುತ್ತ ಬಡಿಸುತ್ತ, ನಾನು ಕೇಳುವ ಮೊದಲೇ, ತಮ್ಮ ತೊಂದರೆ ಹೇಳಿಕೊಂಡರು.

ಆ ಹಾದಿ ಇರುವುದು ನ್ಯೂಜೆರ್ಸಿಯ ವಾಯವ್ಯ ಮೂಲೆಯಲ್ಲಿ, ನ್ಯೂಯಾರ್ಕ್ ಗಡಿಗೆ ಹತ್ತಿರದ ಎತ್ತರದ ಜಾಗದಲ್ಲಿ. ಒಂಬತ್ತು ಮೈಲಿ. ಅದರಲ್ಲಿ ಸಂಸ್ಥೆಯ ಸ್ವಂತದ್ದು ಒಂದು ಗೇಣೂ ಇಲ್ಲ. ಏಳು ಜನರ ಕಾಡು, ಹೊಲ, ಹುಲ್ಲುಗಾವಲು ದಾಟಿ ಹೋಗುತ್ತದೆ. ಯಾರು ಬೇಕಾದರೂ ಬಂದು ಸ್ಕೀ ಮಾಡಬಹುದು, ಟಿಕೆಟ್ಟಿಲ್ಲ. ಕಾಗದ ಪತ್ರವೂ ಇಲ್ಲ. ಅದರ ಬದಲು ಅವರದೊಂದು ಪದ್ಧತಿ ಇದೆ: ಅಕ್ಟೋಬರದ ಎರಡನೇ ಭಾನುವಾರ ಸಮಿತಿಯ ಇಬ್ಬರು ಕಾಲ್ನಡಿಗೆಯಲ್ಲಿ ಏಳೂ ಮನೆಗೆ ಹೋಗಿ, ಬಾಗಿಲು ತಟ್ಟಿ, "ಈ ಚಳಿಗಾಲ ನಿಮ್ಮ ನೆಲ ದಾಟಬಹುದಾ?" ಎಂದು ಕೇಳಬೇಕು. ಫೋನು, ಇಮೇಲು ನಡೆಯುವುದಿಲ್ಲ. ಒಂಬತ್ತು ವರ್ಷದಿಂದ ಆ ಕೆಲಸ ಆಂಟಿಯದು, ಜೊತೆಗೆ ವಾಲ್ಟರ್ ಅನ್ನುವ ಒಬ್ಬ ಹಿರಿಯ.

ಹಾದಿ ಶುರುವಾದ ಸ್ವಲ್ಪ ದೂರಕ್ಕೇ ಹೆನ್ರಿ ಎಂಬ ರೈತನ ಹೊಲ. ಹಾದಿಯ ಎರಡು ತುಂಡನ್ನು ಕೂಡಿಸುವುದು ಅದೇ. ಸಮತಟ್ಟಾಗಿರುವುದೂ ಅದೊಂದೇ; ಹೊಸಬರು, ವಯಸ್ಸಾದವರು ಕಲಿಯುವುದು ಅಲ್ಲೇ. ಹೆನ್ರಿ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಮಗಳು ಎಲೇನ್ ಒಬ್ಬಳೇ ಉಳಿದಳು.

"ಅಕ್ಟೋಬರದಾಗ ಆರು ಮನಿಗೆ ಹೋದ್ವಿ. ಆಕಿ ಮನಿಗೆ ಹೋಗಲಿಲ್ಲ" ಎಂದರು ಆಂಟಿ. "ವಾಲ್ಟರ್ ಹೋಗೂಣು ಅಂದ. ನಾನೇ ಬ್ಯಾಡ ಅಂದೆ. ಸತ್ತ ಮನಿ, ತಿಂಗಳಾಗಿಲ್ಲ, ಅಲ್ಲಿ ಹೋಗಿ ನಮಗ ಹಾದಿ ಕೊಡು ಅಂತ ಬೇಡೂದು ಹ್ಯಾಂಗವಾ? ಆಮ್ಯಾಲೆ ಕೇಳಿದ್ರಾತು, ಆಕಿ ಹೆಂಗೂ ಹೂಂ ಅಂತಾಳ ಅಂತ ತಿಳಕೊಂಡೆ. ಆಮ್ಯಾಲೆ ಅನ್ನೂದು ಆಮ್ಯಾಲೇ ಉಳೀತು."

ಜನವರಿ ಕೊನೆಗೆ ಒಳ್ಳೆಯ ಹಿಮ ಬಿತ್ತು. ವಾಲ್ಟರ್ ಎಂದಿನಂತೆ ಹಿಮ ಒತ್ತುವ ಮಷಿನ್ ಓಡಿಸಿ ಒಂಬತ್ತು ಮೈಲಿಯೂ ಜಾಡು ಹಾಕಿದ. ಮರುದಿನ ಹೆನ್ರಿಯ ಹೊಲದ ಅಂಚಿಗೆ ಎಲೇನ್ ಹಗ್ಗ ಕಟ್ಟಿದ್ದಳು.

"ಹೋದ ವಾರ ಮೀಟಿಂಗ್ ಆತು. ನಾನೇ ಹೋಗಿ ಕೇಳಬೇಕು. ನಾಳೆ" ಎಂದರು ಆಂಟಿ. "ನೀ ಬರ್ತೀಯೇನ್ ಜೋಡಿ? ಒಬ್ಬಾಕಿ ಹೋಗಾಕ ಕಾಲು ಬರವಲ್ದು."

ನಾನು ಹೂಂ ಅಂದೆ. ಅವರು ಹೇಳಿದ್ದರಲ್ಲಿ ನನಗೆ ಆಗ ತಪ್ಪೇನೂ ಕಂಡಿರಲಿಲ್ಲ. ನಮ್ಮ ಕಡೆ ಯಾರೇ ಆದರೂ ಹಾಗೇ ಮಾಡುತ್ತಿದ್ದರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಐವತ್ತು ಮೈಲಿಯ ಹಾದಿ. ಮೊದಲು ದೊಡ್ಡ ಹೈವೇ, ಆಮೇಲೆ ಎರಡೇ ಲೇನಿನ ರಸ್ತೆ, ಕೊನೆಗೆ ಉಪ್ಪು ಚೆಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ಕಿರಿದಾದ ದಾರಿ. ಆಂಟಿ ರೇಡಿಯೋ ಹಾಕಲಿಲ್ಲ. ದಾರಿಯಲ್ಲಿ ಒಂದು ಗ್ಯಾಸ್ ಸ್ಟೇಶನ್ನಿನಲ್ಲಿ ಕಾಫಿ ಕುಡಿದೆವು. ಅವರು ಅರ್ಧ ಕುಡಿದು ಚೆಲ್ಲಿದರು.

ಹಾದಿ ಶುರುವಾಗುವುದು ಒಂದು ತಗಡಿನ ಶೆಡ್ಡಿನ ಮುಂದೆ. ಹತ್ತು ಜನ ಸೇರಿದ್ದರು. ಯಾರ ಮೈಮೇಲೂ ಬೆಲೆಬಾಳುವ ಜಾಕೆಟ್ಟಿಲ್ಲ. ಒಬ್ಬಾಕೆಯ ಬೂಟಿಗೆ ಟೇಪು ಸುತ್ತಿತ್ತು. ವಾಲ್ಟರ್ ಎಪ್ಪತ್ತು ದಾಟಿದವನು, ಉದ್ದನೆಯ ಆಳು. ರಸ್ತೆ ರಿಪೇರಿ ಗ್ಯಾಂಗಿನಲ್ಲಿ ದುಡಿದು ನಿವೃತ್ತನಾದವನು. ಅವನು ಆಂಟಿಯನ್ನು ಕರೆಯುವುದೇ "ಡಾಕ್" ಎಂದು.

"ಈಕೆ ಕೆಲಸದಲ್ಲಿದ್ದಾಗ ಇಂಜೆಕ್ಷನ್ ಕೊಟ್ಟು ಜನರನ್ನು ಮಲಗಿಸ್ತಿದ್ದಳು" ಎಂದು ನನಗೆ ಹೇಳಿದ. "ಈಗ ಬರೀ ಮೀಟಿಂಗ್ ವರದಿ ಓದಿ ಮಲಗಿಸ್ತಾಳೆ."

"ನೀನು ಎಚ್ಚರ ಇದ್ದಿದ್ದು ಯಾವಾಗ, ಅದನ್ನು ಹೇಳು" ಎಂದರು ಆಂಟಿ. ಇಬ್ಬರೂ ನಗಲು ನೋಡಿದರು. ನಗು ಪೂರ್ತಿ ಬರಲಿಲ್ಲ.

ವಾಲ್ಟರ್ ನನಗೆ ಜಾಡು ತೋರಿಸಿದ. ಹಿಮವನ್ನು ಒತ್ತಿ ಗಟ್ಟಿಮಾಡಿ, ಅದರಲ್ಲಿ ಗಾಡಿಯ ಚಕ್ರ ಬಿದ್ದಂತೆ ಎರಡು ಗೀರು. ಒಂದು ಎಡಗಾಲಿಗೆ, ಒಂದು ಬಲಗಾಲಿಗೆ. ತೆಳ್ಳಗಿನ ಉದ್ದ ಪಟ್ಟಿಗಳನ್ನು ಬೂಟಿಗೆ ಸಿಕ್ಕಿಸಿಕೊಂಡು ಆ ಗೀರಿನಲ್ಲಿ ನಿಂತು ಕೋಲು ಊರಿದರೆ ಕಾಲು ತಾನೇ ಮುಂದೆ ಹೋಗುತ್ತದೆ. ಇಪ್ಪತ್ತೆರಡು ವರ್ಷದಿಂದ ಈ ಗೀರು ಎಳೆಯುತ್ತಿರುವವನು ಅವನೇ. ನೇರ ಬರದಿದ್ದರೆ ಇನ್ನೊಂದು ಸಲ ಓಡಿಸುತ್ತಾನಂತೆ. ಆ ಜಾಡಿನ ಪಕ್ಕದಲ್ಲೇ ಅರ್ಧ ಮೈಲಿ ನಡೆದು ನಾವು ಹೆನ್ರಿಯ ಹೊಲದ ಅಂಚಿಗೆ ಬಂದೆವು.

ಎರಡು ಮೇಪಲ್ ಮರಗಳ ನಡುವೆ ಹಳದಿ ಹಗ್ಗ. ಬೋರ್ಡಿಲ್ಲ, ಬರಹವಿಲ್ಲ. ಹಗ್ಗದಾಚೆ ಆ ಎರಡು ಗೀರು ಬಿಳಿ ಹೊಲದ ಮೇಲೆ ಕಣ್ಣು ಹೋಗುವಷ್ಟು ದೂರ, ನೇರ ಹೋಗಿತ್ತು. ಹೊಲದ ಪಕ್ಕಕ್ಕೇ ಮನೆ. ಅಡುಗೆಮನೆಯ ಕಿಟಕಿ ಹೊಲದ ಕಡೆಗೇ.

ವಾಲ್ಟರ್ ಅಲ್ಲೇ ನಿಂತ. ನಾವಿಬ್ಬರು ರಸ್ತೆ ಕಡೆಯಿಂದ ಸುತ್ತಿ ಹೋಗಿ ಬಾಗಿಲು ತಟ್ಟಿದೆವು.

ಎಲೇನ್‌ಗೆ ಐವತ್ತೈದರ ಆಸುಪಾಸು. ಗಟ್ಟಿಮುಟ್ಟಾದ ಹೆಂಗಸು, ದನದ ಮೇವು ಮಾರುವ ಅಂಗಡಿಯಲ್ಲಿ ಕೆಲಸ. ನಮ್ಮನ್ನು ನೋಡಿ, "ಒಳಗೆ ಬನ್ನಿ, ಮನೆಯ ಬಿಸಿ ಹೊರಗೆ ಹೋಗ್ತಿದೆ" ಎಂದಳು. ಕೂರಿ ಅನ್ನಲಿಲ್ಲ. ನಿಂತೇ ಮಾತಾಡಿದೆವು.

ಆಂಟಿ ನೇರ ವಿಷಯಕ್ಕೆ ಬಂದರು. "ಕೇಳದೆ ನಿನ್ನ ಹೊಲ ದಾಟಿದ್ದೀವಿ. ಮಷಿನ್ ಓಡಿಸಿದ್ದು ವಾಲ್ಟರ್, ಆದರೆ ತಪ್ಪು ನನ್ನದು. ಅಕ್ಟೋಬರದಲ್ಲಿ ಬರೋದು ಬೇಡ ಅಂದವಳು ನಾನು. ನಮ್ಮಲ್ಲಿ ಸಾವಾದ ಮನೆಗೆ ಏನನ್ನಾದರೂ ಕೇಳೋಕೆ ಹೋಗೋದಿಲ್ಲ. ನಿನ್ನ ದುಃಖದ ನಡುವೆ ನಮ್ಮ ಆಟದ ಮಾತು ಎತ್ತಬಾರದು ಅಂತ ಸುಮ್ಮನಿದ್ದೆ."

ಎಲೇನ್ ಕಿಟಕಿ ಕಡೆ ನೋಡುತ್ತ ಹೇಳಿದಳು: "ನೀವು ಬರೋ ಭಾನುವಾರ ಅಪ್ಪ ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು, ಒಳ್ಳೆ ಅಂಗಿ ಹಾಕಿಕೊಂಡು ಕೂರ್ತಿದ್ದ. ಹೂಂ ಅನ್ನೋದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಕಾಯ್ತಿದ್ದ. ಈ ಸಲ ನಾನು ಕಾದೆ. ಕಾಫಿ ಮಾಡಿಟ್ಟೆ. ನೀವು ಪಕ್ಕದ ಮನೆಗೆ ಹೋಗಿದ್ದು ಈ ಕಿಟಕಿಯಿಂದ ಕಾಣಿಸ್ತು. ಅಲ್ಲಿಂದ ಹೊರಗೆ ಬಂದು ಈ ಮನೆ ದಾಟಿ ಹೋದ್ರಿ."

ಆಂಟಿ ತಲೆ ತಗ್ಗಿಸಿದರು.

"ಅಪ್ಪನ ಮಣ್ಣಾದ ಮೇಲೆ ಈ ಮನೆಗೆ ಯಾರೂ ಬರ್ತಿರಲಿಲ್ಲ" ಎಂದಳು ಎಲೇನ್. "ಏನನ್ನಾದರೂ ಕೇಳೋಕೆ ಯಾರಾದರೂ ಬಂದಿದ್ರೂ ಸಾಕಿತ್ತು. ಆಮೇಲೆ ಒಂದು ದಿನ ಮಷಿನ್ ಬಂತು. ಹೆನ್ರಿ ಹೋದ, ಇನ್ನು ಈ ಹೊಲಕ್ಕೆ ಯಜಮಾನರಿಲ್ಲ ಅಂತ ನೀವೆಲ್ಲ ಸೇರಿ ತೀರ್ಮಾನ ಮಾಡಿದ್ದೀರಿ ಅನ್ನಿಸ್ತು."

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದಾಯ ಸರ್ಟಿಫಿಕೇಟಿಗೆ, ಹಾಸ್ಟೆಲ್ ಸೀಟಿಗೆ, ಒಂದೊಂದು ಸಹಿಗೆ ಎಷ್ಟೋ ಬಾಗಿಲಲ್ಲಿ ನಿಂತಿದ್ದೇನೆ. ಕೇಳುವವರ ಕಷ್ಟ ನನಗೆ ಚೆನ್ನಾಗಿ ಗೊತ್ತು. ಕೇಳಿಸಿಕೊಳ್ಳಲು ಒಬ್ಬರು ಬಾಗಿಲು ಕಾಯುತ್ತ ಕೂತಿರಬಹುದು, ಯಾರೂ ಕೇಳದೆ ಹೋದರೆ ಅವರಿಗೂ ನೋವಾಗುತ್ತದೆ ಎಂಬುದು ಆ ಅಡುಗೆಮನೆಯಲ್ಲಿ ನಿಲ್ಲುವ ತನಕ ತಿಳಿದಿರಲಿಲ್ಲ.

ಆಂಟಿ ಕೈಗವಸು ಬಿಚ್ಚಿದರು. "ಎಲೇನ್, ತಡವಾಯ್ತು. ಆದರೂ ಕೇಳ್ತೀನಿ. ಈ ಚಳಿಗಾಲ ನಿನ್ನ ನೆಲ ದಾಟಬಹುದಾ?"

"ಇಲ್ಲ" ಎಂದಳು ಎಲೇನ್. ಸಿಟ್ಟಿನಿಂದಲ್ಲ, ಯೋಚಿಸಿಯೇ ಹೇಳಿದಳು. "ಈ ವರ್ಷ ಇಲ್ಲ. ಇನ್ನು ಹೊಲದ ಮೇಲಿನ ಆ ಗೀರುಗಳು, ಪಾತ್ರೆ ತೊಳೆಯುವಾಗೆಲ್ಲ ಕಣ್ಣಿಗೆ ಬೀಳ್ತವೆ. ಅವನ್ನು ಅಳಿಸಿ. ಮಷಿನ್ ತರಬೇಡಿ."

"ಆಗಲಿ" ಎಂದರು ಆಂಟಿ.

ಹೊರಗೆ ಬಂದು ಗೇಟು ದಾಟಿದ ಮೇಲೆ ನಿಂತು ಕಣ್ಣೊರೆಸಿಕೊಂಡರು. "ಇಲ್ಲಾ ಅಂದ್ಲು. ಛಲೋನೇ ಆತು. ಹೂಂ ಅಂದಿದ್ರ ನನಗ ಇನ್ನೂ ನಾಚಿಕಿ ಆಗ್ತಿತ್ತು."

ವಾಲ್ಟರ್‌ಗೆ ಹೇಳಿದಾಗ ಅವನು ಹೊಲವನ್ನೊಮ್ಮೆ ನೋಡಿ, "ಎಷ್ಟು ಕುಂಟೆ ಇವೆ ನಮ್ಮ ಹತ್ತಿರ?" ಎಂದು ಮಾತ್ರ ಕೇಳಿದ. ಶೆಡ್ಡಿನಲ್ಲಿ ಕಬ್ಬಿಣದ ಹಲ್ಲಿನ ಕುಂಟೆ ಐದು, ಸಲಿಕೆ ನಾಲ್ಕು ಸಿಕ್ಕವು. ಹತ್ತೂ ಜನ ಬಂದರು. ಬೆಳಿಗ್ಗೆಯಿಂದ ಸ್ಕೀ ಮಾಡಲು ಕಾದಿದ್ದ ಒಬ್ಬರೂ ಗೊಣಗಲಿಲ್ಲ.

ಹಿಮ ವಾರದಿಂದ ಹೆಪ್ಪುಗಟ್ಟಿ ಗೀರಿನ ಅಂಚು ಕಲ್ಲಿನಂತಾಗಿತ್ತು. ಮೊದಲು ಸಲಿಕೆಯಲ್ಲಿ ಕುಟ್ಟಿ ಒಡೆಯಬೇಕು, ಆಮೇಲೆ ಕುಂಟೆಯಲ್ಲಿ ಎಳೆದು ಸಮ ಮಾಡಬೇಕು. ಅದು ನನಗೆ ಹೊಸ ಕೆಲಸವಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಅವ್ವನ ಜೊತೆ ರಜೆಯಲ್ಲೆಲ್ಲ ಭತ್ತ ಹರವಿದವಳು ನಾನು. ಹಿಂದಕ್ಕೆ ನಡೆಯುತ್ತ ಎಳೆದರೆ ನಮ್ಮ ಹೆಜ್ಜೆಯೂ ಉಳಿಯುವುದಿಲ್ಲ. ಅದನ್ನು ತೋರಿಸಿಕೊಟ್ಟಾಗ ವಾಲ್ಟರ್ ಒಂದು ನಿಮಿಷ ನೋಡಿ, ತಾನೂ ತಿರುಗಿ ನಿಂತು ಹಿಂದಕ್ಕೆ ನಡೆಯತೊಡಗಿದ.

"ಹಾಕೋದು ಇಪ್ಪತ್ತೆರಡು ವರ್ಷದಿಂದ ಗೊತ್ತು" ಎಂದ. "ತೆಗೆಯೋದು ಇವತ್ತು ಕಲಿತೆ."

ಮೂರು ಗಂಟೆ ಹಿಡಿಯಿತು. ಮಧ್ಯೆ ನಿಂತು ಬ್ರೆಡ್ಡು, ಚೀಸು, ನನ್ನ ಖಾರದ ಸೇವು ತಿಂದೆವು. ಆಂಟಿ ಸೊಂಟ ಹಿಡಿದುಕೊಂಡರೂ ಕುಂಟೆ ಯಾರಿಗೂ ಕೊಡಲಿಲ್ಲ. ಮುಕ್ಕಾಲು ಭಾಗ ಮುಗಿದಾಗ ಎಲೇನ್, ಅಪ್ಪನದೇ ಇರಬೇಕು, ದೊಡ್ಡದೊಂದು ಕೋಟು ಹಾಕಿಕೊಂಡು ಹೊರಗೆ ಬಂದಳು. ಬೇಲಿಗುಂಟ ನಡೆದು ನೋಡುತ್ತ ಬಂದಳು. ಉಳಿದ ಕಾಲು ಭಾಗವೂ ಆದಾಗ, ಕೆಲಸ ಮುಗಿಯಿತು ಎಂದುಕೊಂಡು ವಾಲ್ಟರ್ ಟೋಪಿ ತೆಗೆದು, "ಸರಿ ಇದೆಯಾ ಎಲೇನ್?" ಎಂದು ಕೇಳಿದ.

ಅವಳು ಮನೆಯ ಹತ್ತಿರದ ಒಂದು ಕಡೆ ಬೆರಳು ತೋರಿಸಿದಳು. ಅಲ್ಲಿ ಎರಡು ಮಾರು ಉದ್ದ ಗೀರಿನ ನೆರಳು ಇನ್ನೂ ಕಾಣುತ್ತಿತ್ತು. ವಾಲ್ಟರ್ ಹೋಗಿ ಅದನ್ನೂ ಎಳೆದ.

ಆಗ ಎಲೇನ್ ಮೇಪಲ್ ಮರದ ಹತ್ತಿರ ಹೋಗಿ ಹಗ್ಗ ಬಿಚ್ಚಿದಳು. ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಸಡಿಲ ಮಾಡಿದಳು. "ದಾರಿಯೇ ಇಲ್ಲವಲ್ಲ, ಇದು ಯಾಕೆ" ಎಂದು ಸುತ್ತಿ ಜೇಬಿಗೆ ಹಾಕಿಕೊಂಡಳು.

"ಅಕ್ಟೋಬರದಲ್ಲಿ ಬರಬಹುದಾ?" ಎಂದರು ಆಂಟಿ.

"ಬನ್ನಿ. ಏನು ಹೇಳ್ತೀನೋ ಗೊತ್ತಿಲ್ಲ. ಮನೆಯಲ್ಲಂತೂ ಇರ್ತೀನಿ."

ಮೂರೂವರೆಗೆ ನಾನೂ ಆಂಟಿಯೂ ಕಾರಿಗೆ ಹತ್ತಿದೆವು. ಬಾಸ್ಕಿಂಗ್ ರಿಡ್ಜಿನಿಂದ ನನಗೆ ಟ್ರೇನಿತ್ತು. ಉಳಿದವರಿಗೆ ಬೆಳಕಿರುವಷ್ಟರಲ್ಲಿ ಆಚೆಯ ಕಾಡಿನ ತುಂಡಿನಲ್ಲಾದರೂ ಸ್ಕೀ ಮಾಡುವ ಆಸೆ. ಹೊಲ ದಾಟಿದ್ದರೆ ಹತ್ತು ನಿಮಿಷದ ದಾರಿ. ಹಗ್ಗ ಇರಲಿಲ್ಲ, ಎಲೇನ್ ಮನೆಯೊಳಗೆ ಹೋಗಿಯಾಗಿತ್ತು. ರಸ್ತೆಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ವಾಲ್ಟರ್ ಮುಂದೆ, ಒಂಬತ್ತು ಜನ ಹಿಂದೆ, ಸ್ಕೀ ಹೆಗಲ ಮೇಲೆ ಹೊತ್ತು, ರಸ್ತೆಯಂಚಿನ ಕೊಳಕು ಹಿಮದಲ್ಲಿ ಒಬ್ಬರ ಹಿಂದೊಬ್ಬರು ಒಂದು ಮೈಲಿ ಸುತ್ತಿಕೊಂಡು ಹೋಗುತ್ತಿದ್ದರು. ಅವರ ಬಲಕ್ಕೆ ಹೊಲ ಬೆಳ್ಳಗೆ ಬಿದ್ದಿತ್ತು. ಒಬ್ಬರೂ ಅದರ ಮೇಲೆ ಕಾಲಿಡಲಿಲ್ಲ.