ಕಡೆಯ ಪದದ ಮೇಲೊಂದು ಕಲ್ಲು

ನನ್ನ ಮೊಬೈಲಿಗೆ ನನ್ನ ಗುರುತೇ ಸಿಗುವುದಿಲ್ಲ. ಬೆರಳಿಟ್ಟರೆ ಸಾಕು, ತೆರೆದುಕೊಳ್ಳುತ್ತದೆ ಎಂದು ಅಂಗಡಿಯವನು ಹೇಳಿ ಕೊಟ್ಟಿದ್ದ. ಇಡುತ್ತೇನೆ, ಅದು ನಡುಗಿ ‘ಇವನಲ್ಲ’ ಅನ್ನುತ್ತದೆ. ಅದರದೇನೂ ತಪ್ಪಿಲ್ಲ. ಏಳನೇ ಕ್ಲಾಸಿನಿಂದ ಸಿಮೆಂಟು ಕಲಸಿದ ಬೆರಳು. ಗೆರೆಗಳೆಲ್ಲ ಸವೆದು ಮಧುಗಿರಿ, ಸಿರಾ, ಕೊರಟಗೆರೆಯ ಗೋಡೆಗಳೊಳಗೆ ಸೇರಿಹೋಗಿವೆ. ರೇಷನ್ ಅಂಗಡಿಯ ಯಂತ್ರಕ್ಕೂ ನನ್ನ ಮೇಲೆ ಇದೇ ಅನುಮಾನ. ಹಾಗಾಗಿ ಮೊಬೈಲು ಮುಟ್ಟುವ ಮೊದಲು ನಾನು ಕೈ ತೊಳೆದು, ಒರೆಸಿ, ಊಟಕ್ಕೆ ಕೂರುವವನಂತೆ ಕೂರುತ್ತೇನೆ. ಇಷ್ಟೆಲ್ಲ ಮಡಿ ಯಾತಕ್ಕೆ ಎಂದರೆ, ಒಂದು ವಾಕ್ಯ ಬರೆಯುವುದಕ್ಕೆ.

ನಾವು ಹನ್ನೊಂದು ಜನ ಸೇರಿ ವಾಟ್ಸಾಪಿನಲ್ಲಿ ವಾಕ್ಯದ ಸರಪಳಿ ಆಡುತ್ತೇವೆ. ಒಬ್ಬರ ವಾಕ್ಯದ ಕಡೆಯ ಪದ ಮುಂದಿನವರ ವಾಕ್ಯದ ಮೊದಲ ಪದವಾಗಬೇಕು, ಅದಕ್ಕೆ ‘ಗೆ’, ‘ಅಲ್ಲಿ’ ಅಂಟಿಕೊಂಡರೂ ಸರಿ; ಅಷ್ಟೇ ಆಟ. ಅಷ್ಟೇ ಅಂದೆ, ಆದರೆ ಅಷ್ಟು ಸಲೀಸಲ್ಲ. ನಮ್ಮ ಕನ್ನಡ ಕೆಲಸವನ್ನು ಕೊನೆಗೆ ಹೇಳುವ ಭಾಷೆ. ಕಟ್ಟಿದನು, ತಿಂದನು, ಮಲಗಿದನು. ದುಡಿಯುವವನಾದ ನನಗೆ ಇದು ಬಹಳ ಹಿಡಿಸಿದ ಗುಣ. ಮೊದಲು ಯಾರು, ಏನು, ಎಲ್ಲಿ ಎಂಬ ಸಾಮಾನೆಲ್ಲ ತಂದು ಜೋಡಿಸಿ, ಆಮೇಲೆ ಕೆಲಸ. ಆದರೆ ‘ಮಲಗಿದನು’ ಎಂದು ಬಿಟ್ಟು ಹೋದರೆ ಮುಂದಿನವನು ಅವನನ್ನು ಹೇಗೆ ಎಬ್ಬಿಸಬೇಕು? ಅದಕ್ಕೇ ನಾವು ಮಾತನ್ನು ಸ್ವಲ್ಪ ತಿರುವಿ, ಹಳ್ಳಿಯ ಪದ ಹಾಡುವವರ ಹಾಗೆ ‘ಊರಿಗೆ ಬಂತು ಬಸ್ಸು’ ಎಂದು ಮುಗಿಸುತ್ತೇವೆ. ಬಸ್ಸಾದರೆ ಯಾರು ಬೇಕಾದರೂ ಹತ್ತಬಹುದು.

ನನ್ನನ್ನು ಸೇರಿಸಿದವರು ಕೊರಟಗೆರೆಯ ಪುಷ್ಪಕ್ಕ. ಅಂಗನವಾಡಿ ಟೀಚರು. ಅವರ ಮನೆಯ ಕಾಂಪೌಂಡು ಕಟ್ಟುವಾಗ ನಾನು ಮಾತಿಗೊಂದು ಗಾದೆ ಹೇಳುತ್ತಿದ್ದುದನ್ನು ಕೇಳಿ, “ಈರಣ್ಣ, ನೀವು ನಮ್ಮ ಗುಂಪಿಗೆ ಬರಲೇಬೇಕು” ಅಂದರು. ಎರಡು ನಿಯಮ ಹೇಳಿದರು. ಸರದಿ ಬಂದವರು ಮೂರು ಗಂಟೆ ಹೊತ್ತಿನೊಳಗೆ ಬರೆಯಬೇಕು, ಇಲ್ಲದಿದ್ದರೆ ಸರಪಳಿ ಕಡಿದಂತೆ. ಗೊತ್ತಿಲ್ಲದ ಪದವನ್ನು ಮೊಬೈಲಿನಲ್ಲಿ ಹುಡುಕುವಂತಿಲ್ಲ; ಎದುರಿಗಿರುವ ಮನುಷ್ಯರನ್ನು ಬಾಯಿಬಿಟ್ಟು ಕೇಳಬಹುದು. ಸರದಿ ಮಾತ್ರ ಉಳುಮೆಯ ಹಾಗೆ. ಪಟ್ಟಿಯ ತುದಿ ಮುಟ್ಟಿದ ಮೇಲೆ ಎತ್ತು ಹೊರಳಿದಂತೆ ಅದೇ ದಾರಿಯಲ್ಲಿ ವಾಪಸ್ಸು. ತುದಿಯಲ್ಲಿ, ಎಲ್ಲರಿಗಿಂತ ಕೊನೆಗೆ ಸೇರಿದ ನಾನು. ನನ್ನ ಪಕ್ಕದಲ್ಲಿ ಸಿರಾದ ಚಂದ್ರಮೌಳಿ ಸಾರ್, ನಿವೃತ್ತ ಉಪನ್ಯಾಸಕರು. ಹಾಗಾಗಿ ಅವರು ಬಿಟ್ಟ ಪದ ನನಗೆ, ನಾನು ಬಿಟ್ಟ ಪದ ತಿರುಗಿ ಅವರಿಗೆ.

ಆರು ತಿಂಗಳು ಸರಪಳಿ ಕಡಿಯಲಿಲ್ಲ. ನಾನೋ, ಶಾಲೆ ಬಿಟ್ಟ ಮೇಲೆ ಉದ್ದ, ಅಗಲ, ಎಷ್ಟು ಮೂಟೆ ಎಂಬುದರ ಹೊರತು ಏನನ್ನೂ ಬರೆದವನಲ್ಲ. ಅಪ್ಪ ಕಟ್ಟಡದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ. ನನ್ನ ಕೈಯ ಬಳಪ ಹೋಗಿ ಗಾರೆಯ ಕರಣೆ ಬಂತು. ಅದಕ್ಕೆ ಅತ್ತಿದ್ದೂ ಇಲ್ಲ, ಅಳುವುದೂ ಇಲ್ಲ. ಆದರೆ ನಾನು ಬರೆದದ್ದನ್ನು ನಾಲ್ಕು ತಾಲ್ಲೂಕಿನ ಹತ್ತು ಜನ ಕಾದು ಓದುತ್ತಾರೆ ಎನ್ನುವುದಿದೆಯಲ್ಲ, ಅದರ ರುಚಿ ಹತ್ತಿತು. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ಹೀಗಿರುವಾಗ ಒಂದು ದಿನ ಚಂದ್ರಮೌಳಿ ಸಾರ್ ದನಿಯ ಸಂದೇಶ ಹಾಕಿದರು: “ಈರಣ್ಣ, ತಪ್ಪು ತಿಳೀಬೇಡಿ. ನಿಮ್ಮ ವಾಕ್ಯ ಬರೀ ಕಲ್ಲು, ಮಣ್ಣು, ಕೋಳಿ. ಆಟ ಸ್ವಲ್ಪ ಎತ್ತರಕ್ಕೆ ಹೋಗಲಿ. ಕಷ್ಟವಾದರೆ ನೀವು ಸುಮ್ಮನೆ ಓದಿಕೊಂಡಿರಬಹುದು.”

ಓದಿಕೊಂಡಿರಬಹುದಂತೆ! ನನಗೆ ಸಿಟ್ಟು ಕಾಲಿನಿಂದ ನೆತ್ತಿಗೆ ಹತ್ತಿತು. ನಾನೂ ದನಿಯಲ್ಲೇ ಹಾಕಿದೆ: “ಸಾರ್, ಎತ್ತರಕ್ಕೆ ಹೋಗೋದೇ ನನ್ನ ಕಸುಬು. ಸರಪಳಿ ನನ್ನ ಕೈಲಿ ಕಡಿದ ದಿನ ಯಾರೂ ಹೇಳೋದು ಬ್ಯಾಡ, ನಾನೇ ಗ್ರೂಪು ಬಿಟ್ಟು ಹೋಗ್ತೀನಿ.”

ಆಡಿಬಿಟ್ಟ ಮೇಲೆ ಅದು ಒಣಗಿದ ಸಿಮೆಂಟು. ಅಳಿಸಲು ಬರುತ್ತಿತ್ತು, ಅಳಿಸಲಿಲ್ಲ. ಪಾವಗಡದ ಓಬಳೇಶ, ನಮ್ಮ ಗುಂಪಿನ ಹೋಟೆಲಿನವನು, ಆವತ್ತೇ ಫೋನು ಮಾಡಿ, “ಏಂದಣ್ಣಾ ಇದು, ಆಟಕ್ಕೆ ಹೋಗಿ ಆಣೆ ಮಾಡೋದಾ? ನಿನಗೇನು ಪಿಚ್ಚಾ, ಹುಚ್ಚಾ?” ಎಂದು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಬೈದ.

ವಾರದೊಳಗೆ ಬಂತು ನೋಡಿ. ತಾವರೆಕೆರೆಯಲ್ಲಿ ಒಂದು ಮನೆಗೆ ಸೈಜುಗಲ್ಲಿನ ಗೋಡೆ ಎತ್ತುತ್ತಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಸಾರ್ ವಾಕ್ಯ ಕಳಿಸಿದರು: ‘ಸುಖವೆಂಬುದು ಮನುಷ್ಯನ ಪಾಲಿಗೆ ಬರೀ ಮರೀಚಿಕೆ.’

ಮರೀಚಿಕೆ. ಮೆಣಸಿನಕಾಯಿಯ ಜಾತಿಯದೇನೋ ಅಂದುಕೊಂಡೆ. ಸುಖ ಖಾರ ಇರಬಹುದು, ಉಪನ್ಯಾಸಕರಿಗೆ ಗೊತ್ತು. ಆದರೂ ಯಾಕೋ ಮನಸ್ಸು ಒಪ್ಪಲಿಲ್ಲ. ಹೋಗಿ ಬರುವವರನ್ನೆಲ್ಲ ಕೇಳಿದೆ. ಜಲ್ಲಿ ತಂದ ಟ್ರ್ಯಾಕ್ಟರಿನವನು “ಸೀರೆಯ ಹೆಸರಿರ್ಬೇಕು ಕಣಣ್ಣ” ಎಂದ. ಹನ್ನೆರಡಾಯಿತು, ಒಂದಾಯಿತು. ನನ್ನ ಜೊತೆ ಗಾರೆ ಹೊರುವ ಗಂಗಮ್ಮ, ಬರಗೂರಿನ ಕಡೆಯ ಕುರಿ ಸಾಕುವವರ ಮನೆಯ ಹೆಂಗಸು, ಬಾಂಡ್ಲಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟಳು.

“ಅದೇನಣ್ಣಾ, ಮೊಬೈಲ್ ಮುಂದೆ ಇಂಗೆ ಕುಂತ್ಬುಟ್ಟಿದ್ದೀಯ? ಕಲ್ಲೇನು ಅದೇ ಎದ್ದು ಬಂದು ಕುಂತ್ಕಂತದಾ?”

ಒಂದೂವರೆಗೆ ಮನೆಯ ಯಜಮಾನರು ಊಟಕ್ಕೆ ಬಂದರು. ಹೈಸ್ಕೂಲಿನಲ್ಲಿ ಗುಮಾಸ್ತರು. ಕೇಳಿದೆ. “ಮರೀಚಿಕೆ ಅಂದ್ರೆ ಬಿಸಿಲುಗುದುರೆ ಅಲ್ವೇನ್ರೀ” ಎನ್ನುತ್ತ ಒಳಗೆ ಹೋದರು.

“ಅಯ್ಯ, ಬಿಸ್ಲುಕುದ್ರೆನಾ!” ಗಂಗಮ್ಮ ನಕ್ಕುಬಿಟ್ಟಳು. “ದಿನಾ ರೋಡ್ನಾಗೆ ನೀರು ನಿಂತಂಗೆ ಕಾಣ್ತದಲ್ಲ, ಅದಕ್ಕೆ ಇಷ್ಟೊತ್ತು ಕುಂತ್ಯಾ? ಮನುಷ್ಯರೇ ಕಣಣ್ಣ ಅದಕ್ಕೆ ಮೋಸ ಹೋಗದು. ನಮ್ ಕುರಿ ಒಂದಿನಾನೂ ಅದ್ರ ಹಿಂದೆ ಓಡ್ಲಿಲ್ಲ. ಅವಕ್ಕೆ ಮೂಗೈತೆ.”

ಕೈ ತೊಳೆದು ಕೂತೆ. ‘ಮರೀಚಿಕೆಗೆ ಮೋಸ ಹೋಗುವುದು ಮನುಷ್ಯನ ಕಣ್ಣು, ಕುರಿಯ ಮೂಗಿಗೆ ಗೊತ್ತು ಎಲ್ಲಿದೆ ನೀರು.’ ಬರೆದದ್ದು ನಾನಾದರೂ ಕಲ್ಲು ಹೊತ್ತು ತಂದವಳು ಗಂಗಮ್ಮ.

ಕಳಿಸುವ ಮೊದಲು ಒಂದು ಕೆಟ್ಟ ಬುದ್ಧಿ ಬಂತು, ಹೇಳಿಬಿಡುತ್ತೇನೆ. ಕಷ್ಟದ ಪದ ಉಪನ್ಯಾಸಕರ ಹತ್ತಿರ ಮಾತ್ರ ಇವೆಯೇ? ನಮ್ಮ ಕಸುಬಿನಲ್ಲೂ ಇವೆ. ವಾಕ್ಯದ ಕಡೆಯ ಭಾಗ ಅಳಿಸಿ ‘ಸಾರುವೆ’ ಎಂದು ಮುಗಿಯುವಂತೆ ತಿದ್ದಿದೆ. ಕೇಳಲಿ ಅವರೂ ಸಿರಾದ ಬೀದಿಯಲ್ಲಿ ನಿಂತು. ಆಮೇಲೆ ಎದುರಿಗಿದ್ದ ಗೋಡೆ ನೋಡಿದೆ. ದಿನದ ಕೆಲಸ ನಿಲ್ಲಿಸುವಾಗ ಗೋಡೆಯ ತುದಿಯನ್ನು ಕತ್ತರಿಸಿದಂತೆ ನೆಟ್ಟಗೆ ನಿಲ್ಲಿಸಬಾರದು, ಮೆಟ್ಟಿಲು ಮೆಟ್ಟಿಲಾಗಿ ಬಿಡಬೇಕು ಎಂದು ಅಪ್ಪ ಕಲಿಸಿದ್ದ. ನಾಳೆ ಬರುವವನು ಆ ಮೆಟ್ಟಿಲಿನ ಮೇಲೆ ತನ್ನ ಕಲ್ಲು ಕೂರಿಸುತ್ತಾನೆ, ಎರಡು ದಿನದ ಗೋಡೆ ಒಂದೇ ಆಗುತ್ತದೆ. ನೆಟ್ಟಗೆ ನಿಲ್ಲಿಸಿದರೆ ನೋಡಲು ಚೆಂದ, ಮಳೆಗಾಲಕ್ಕೆ ಬಿರುಕು. ನಾಳೆ ಬರುವವನ ಮೇಲೆ ಸಿಟ್ಟಿದ್ದರೂ ಮೆಟ್ಟಿಲು ಬಿಡಲೇಬೇಕು. ‘ಸಾರುವೆ’ ಅಳಿಸಿ ‘ನೀರು’ ಹಾಕಿ, ಎರಡಕ್ಕೆ ಐದು ನಿಮಿಷವಿರುವಾಗ ಕಳಿಸಿದೆ.

ಮೂರಾಯಿತು, ನಾಲ್ಕಾಯಿತು. ಸಾರ್ ಕಡೆಯಿಂದ ಸುದ್ದಿಯಿಲ್ಲ. ನೀರಿನಂಥ ಪದಕ್ಕೆ ಇಷ್ಟು ಹೊತ್ತೇ? ನಾಲ್ಕೂವರೆಗೆ ಓಬಳೇಶನ ಫೋನು.

“ಅನ್ನಾ, ಸಾರು ಔಟು! ಇಂಕಾ ಅರ್ಧ ಗಂಟೆ ಅಷ್ಟೇ. ನೀನು ಏಮೀ ಮಾತಾಡ್ಬ್ಯಾಡ, ಸುಮ್ನೆ ಕಲ್ಲಿಡು.”

ಸುಳ್ಳೇಕೆ, ಒಂದು ಕ್ಷಣ ಹಿಗ್ಗಿದೆ. ಆದರೆ ಆರು ತಿಂಗಳು ಹನ್ನೊಂದು ಜನ ಎತ್ತಿದ ಗೋಡೆ. ಅದು ಅವರ ಕಡೆಗೆ ಬಿದ್ದರೇನು, ನನ್ನ ಕಡೆಗೆ ಬಿದ್ದರೇನು, ಬಿದ್ದದ್ದು ಗೋಡೆಯೇ. ಮತ್ತೆ ಕೈ ತೊಳೆದೆ. ಸಾರ್‌ಗೆ ಫೋನು ಹಚ್ಚಿದೆ.

“ಸಾರ್, ಈರಣ್ಣ. ಹೊತ್ತಾಯ್ತು. ಏನಾದ್ರೂ ಬರೀರಿ ಸಾರ್.”

“ಏನು ಬರೀಲಿ ಈರಣ್ಣ?” ದನಿ ಸೋತಿತ್ತು. “ಒಂಬತ್ತು ಬರೆದು ಹರಿದೆ. ನಿಮ್ಮ ಆ ಕುರಿಯ ವಾಕ್ಯದ ಮುಂದೆ ಯಾವುದೂ ನಿಲ್ಲೋದಿಲ್ಲ. ಕಷ್ಟದ ಪದ ಕೊಟ್ಟಿದ್ದರೆ ಹೇಗೋ ದಾಟಿಸಿಬಿಡ್ತಿದ್ದೆ.”

“ಬರೆದಿದ್ದೆ ಸಾರ್, ಸಾರುವೆ ಅಂತ. ಅಳಿಸಿಬಿಟ್ಟೆ.”

“ಸಾರುವೆ ಅಂದರೆ?”

“ಎತ್ತರಕ್ಕೆ ಹತ್ತೋಕೆ ಗೋಡೆ ಪಕ್ಕ ಮರ ಕಟ್ಟಿ ನಿಲ್ಲಿಸ್ತೀವಲ್ಲ, ಅದು ಸಾರ್. ಅದಿರ್ಲಿ, ಮಧ್ಯಾಹ್ನದಿಂದ ಒಂದು ಲೋಟ ನೀರಾದ್ರೂ ಕುಡುದ್ರಾ?”

“ಇಲ್ಲ ಕಣ್ರೀ.”

“ಕುಡೀರಿ. ಕುಡಿದು ಅದನ್ನೇ ಬರೀರಿ.”

ಐದಕ್ಕೆ ಏಳು ನಿಮಿಷವಿರುವಾಗ ಬಂತು: ‘ನೀರು ಕುಡಿಯುವುದನ್ನೂ ಮರೆತು ಕೂತಿದ್ದ ನನಗೆ ಫೋನು ಮಾಡಿ ನೆನಪಿಸಿದವರು ಮಧುಗಿರಿಯ ಈರಣ್ಣ.’

ಮುಂದಿನ ಸರದಿ ಓಬಳೇಶನದು. ಅವನು ಕಾಯಲೇ ಇಲ್ಲ: ‘ಈರಣ್ಣನಿಗೆ ಹೇಳಿದ ಬುದ್ಧಿಮಾತು ಕಲ್ಲಿನ ಮೇಲೆ ಹುಯ್ದ ಟೀ.’ ಟೀಯ ಮೇಲೆ ಬರೆಯಲು ಎಲ್ಲರೂ ಮುಗಿಬಿದ್ದರು. ಪುಷ್ಪಕ್ಕ ಸರದಿ ಕಾಯಿಸಲು ಬೈಯಬೇಕಾಯಿತು.

ಸರಪಳಿ ಇನ್ನೂ ಕಡಿದಿಲ್ಲ. ನನ್ನ ಆಣೆಯೂ ಹಾಗೇ ಇದೆ. ನಾನು ಹಿಂತೆಗೆದುಕೊಂಡಿಲ್ಲ, ಅವರು ಕೇಳಿಲ್ಲ. ಬಲ್ಲವರ ಜೊತೆ ಆಡುವಾಗ ಬೆನ್ನು ಸ್ವಲ್ಪ ನೆಟ್ಟಗಿರಲಿ ಅಂತ ಇಟ್ಟುಕೊಂಡಿದ್ದೇನೆ.

ಇವತ್ತು ಬೆಳಿಗ್ಗೆ ಉಳುಮೆ ಮತ್ತೆ ತುದಿಗೆ ಬಂತು. ಚಂದ್ರಮೌಳಿ ಸಾರ್ ಕಳಿಸಿದ ವಾಕ್ಯ ಇದು: ‘ಎತ್ತರಕ್ಕೆ ಹೋಗಬೇಕೆನ್ನುವವನಿಗೆ ಮೊದಲು ಬೇಕಾದದ್ದು ಪಕ್ಕದಲ್ಲೊಂದು ಸಾರುವೆ.’

ಗಂಗಮ್ಮ ಬಾಂಡ್ಲಿ ಇಳಿಸಿ ಆಗಲೇ ಸೊಂಟದ ಮೇಲೆ ಕೈಯಿಟ್ಟಿದ್ದಾಳೆ. ಇರಿ, ಕೈ ತೊಳೆದುಕೊಂಡು ಬಂದೆ.