ಪೈರಿನ ಮೇಲೆ ಇಸ್ತ್ರಿ

ನನ್ನ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿರುವ ತರನ್ನುಮ್ ಮೊಬೈಲಿನಲ್ಲಿ ಒಂದು ಕಾಡನ್ನು ತೋರಿಸಿದಾಗ ಅಯ್ಯೋ ಅಂದೆ. ಕಾಡಿಗೆ ಬೆಂಕಿ ಬಿದ್ದಿದೆ ಅಂದುಕೊಂಡೆ. ಬೆಂಕಿಯಲ್ಲ, ಎಲೆ. ಚಳಿ ದೇಶದಲ್ಲಿ ಉದುರುವ ಮುಂಚೆ ಇಡೀ ಕಾಡು ಹೀಗೆ ಕೆಂಪಗೆ, ಅರಿಶಿನದ ಬಣ್ಣಕ್ಕೆ ತಿರುಗುತ್ತದಂತೆ. ಅಂಥ ಕಾಡನ್ನು ಮಣೆಯಗಲದ ಹಲಗೆಗಳ ಮೇಲೆ ಮಾಡಿಕೊಡಲು ಅವಳು ಒಪ್ಪಿಕೊಂಡು ಬಂದಿದ್ದಳು.

ಮಾಡಿಸುವವನು ಅಶ್ವತ್ಥ್, ಜಕ್ಕೂರು ಕೆರೆಯ ಆಚೆಯ ಅಪಾರ್ಟ್‌ಮೆಂಟಿನವನು. ಅವನೂ ಅವನ ಗೆಳೆಯರೂ ಭಾನುವಾರ ಸೇರಿ, ಬೆರಳ ಗೆಣ್ಣಿನಷ್ಟು ಎತ್ತರದ ಸೀಸದ ಸಿಪಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಹಾಕಿ, ಯಾವುದೋ ಕಾಲದ ದೊರೆಗಳ ಯುದ್ಧವನ್ನು ಮತ್ತೆ ಆಡುತ್ತಾರೆ. ಗಡ್ಡ ಬಂದ ಗಂಡಸರು! ಕೇಳಿ ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ಅವನ ಮನೆಗೆ ಪರದೆ ಹೊಲಿಯಲು ಹೋದಾಗ ಮುರಿದ ಆಟದ ಮರವೊಂದನ್ನು ಇವಳು ಕರೆಂಟು ತಂತಿ ಹೊಸೆದು ಸರಿಮಾಡಿದ್ದಳು. ಅಲ್ಲಿಂದ ಶುರುವಾಯಿತು ಇದು.

ತರನ್ನುಮ್ ಹುಟ್ಟಿದ್ದು ಯಶವಂತಪುರದಲ್ಲಿ. ಅಪ್ಪ ಹಾಸಿಗೆಗೆ ಹತ್ತಿ ಹಿಂಜುವವರು, ಮಗುವಾಗಿದ್ದಾಗಲೇ ಇವಳ ಮೂಗಿಗೆ ಹತ್ತಿ ಹೊಕ್ಕಿತ್ತು. ಮದುವೆಯಾದ ಮೇಲೆ ಗಾರ್ಮೆಂಟ್ಸ್ ಸೇರಿದಳು, ಅಲ್ಲೂ ನೂಲಿನ ದೂಳು. ಹೋದ ವರ್ಷ ಕೆಮ್ಮು ಹಿಡಿದು ಮೂಲೆಗೆ ಬಿದ್ದಳು. ಇನ್ನು ಆ ದೂಳಿಗೆ ಹೋಗಬೇಡ ಅಂದರು ಡಾಕ್ಟರು. ಗಂಡನ ಗೂಡ್ಸ್ ಆಟೋ ಒಂದರಿಂದ ಮನೆ ನಡೆಯುವುದಿಲ್ಲ. ಬರುವ ಭಾನುವಾರ ಅಶ್ವತ್ಥನ ಗೆಳೆಯರಿಗೆ ಕಾಡು ಹಿಡಿಸಿದರೆ ಮನೆಯಲ್ಲೇ ಕೆಲಸ, ಇಲ್ಲದಿದ್ದರೆ ಸೋಮವಾರ ಮತ್ತೆ ಗಾರ್ಮೆಂಟ್ಸಿನ ವ್ಯಾನು.

ತಂತಿ ಹೊಸೆದು ಮರ ಮಾಡಿದಳು. ಬೀದಿಯ ಬಾದಾಮಿ ಮರದ ಕೆಂಪೆಲೆ ಆಯ್ದು, ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಕೊಂಬೆಗೆ ಅಂಟಿಸಿದಳು. ನೆಲಕ್ಕೆ ಉದುರಿದ ಎಲೆ ಬೇಕಲ್ಲ, ಅದಕ್ಕೆ ನನ್ನ ತಂಗಿಯ ಊರು ರಾಜಾನುಕುಂಟೆಯಿಂದ ರಾಗಿ ಹೊಟ್ಟು ತರಿಸಿಕೊಂಡಳು. ಕೆರೆಮಣ್ಣಿಗೆ ಗೋಂದು ಕಲಸಿ ಹಲಗೆಗೆ ಮೆತ್ತಿ, ಮೇಲೆ ಹೊಟ್ಟು ಉದುರಿಸಿದಳು. ಬೇಗ ಒಣಗಿದರೆ ಹಲಗೆ ಸೊಟ್ಟಗಾಗುತ್ತದೆಂದು ಪ್ಲಾಸ್ಟಿಕ್ ಹೊದಿಸಿಟ್ಟಳು. ಆ ವಾರವೆಲ್ಲ ಮಳೆ.

ಶನಿವಾರ ಬೆಳಗ್ಗೆ ಕೆಳಗಿನಿಂದ ಕರೆದಳು. ಆ ದನಿ ಕೇಳಿ, ಯಾರೋ ಬಿದ್ದರೆಂದು ನಾನು ಗೋಡೆ ಹಿಡಿದುಕೊಂಡು ಇಳಿದೆ. ಪ್ಲಾಸ್ಟಿಕ್ ತೆಗೆದಿತ್ತು. ಕೆಂಪು ಮರಗಳ ಬುಡದಲ್ಲೆಲ್ಲ ಹಸಿರು, ಎಳೇ ಹಸಿರು, ಸಿಪಾಯಿಯ ಸೊಂಟದೆತ್ತರ.

“ಏನಮ್ಮ ಇದು, ಹುಳಾನಾ?” ಅಂದಳು.

“ರಾಗಿ ಕಣೇ. ನೀನ್ ಉದುರ್ಸಿದ ಒಟ್ಟಿನಾಗೆ ಕಾಳು ಉಳ್ಕಂಡಿತ್ತು, ಮೊಳಕೆ ಬಂದೈತೆ.”

ಒಂದನ್ನು ಕಿತ್ತಳು. ಅದರ ಜೊತೆ ನೆಲವೇ ಹಕ್ಕಳೆಯಂತೆ ಎದ್ದು ಬಂತು. ಕೀಳುವಂತಿಲ್ಲ, ಬಿಡುವಂತಿಲ್ಲ. ಎಲೆ ಉದುರುವ ಕಾಡಿನಲ್ಲಿ ಮೊಳಕೆ ಕಂಡರೆ ಅವರು ನಗುತ್ತಾರೆ. ಅವಳು ಹೋಗಿ ಇಸ್ತ್ರಿ ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಿದಳು.

ನನಗೆ ಮೊದಲು ತಿಳಿಯಲಿಲ್ಲ. ಆ ಮೊಳಕೆಗಳನ್ನು ಕಾವಿಗೆ ಒಣಗಿಸಲು ಹೊರಟಿದ್ದಾಳೆಂದು ಆಮೇಲೆ ಹೊಳೆಯಿತು. ಗೊತ್ತಿಲ್ಲದೆ ಕಾಲು ತಗುಲಿದರೂ ಪೈರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವಳು ನಾನು. ಅಶ್ವತ್ಥನ ಅಪಾರ್ಟ್‌ಮೆಂಟ್ ನಿಂತಿರುವ ಜಾಗದಲ್ಲಿ ನಾನೂ ನನ್ನ ಯಜಮಾನರೂ ರಾಗಿ ಬಿತ್ತಿದ್ದೆವು.

“ಪೈರು ಕಣೇ ಅದು. ಪೈರಿಗೆ ಯಾರಾದ್ರೂ ಇಸ್ತ್ರಿ ಆಕ್ತಾರಾ?”

ಅವಳು ತಿರುಗಿ ನೋಡಲಿಲ್ಲ. “ಹಸಿರು ಹಂಗೇ ಇದ್ರೆ ಸೋಮವಾರ ನಾನು ಆ ದೂಳಿಗೆ ಹೋಗ್ಬೇಕಮ್ಮ. ನೀವು ಮೇಲೆ ಹೋಗಿ, ನೋಡ್ಬೇಡಿ.”

ಹೋಗಲಾಗಲಿಲ್ಲ. ಮರಗಳು ಅಡ್ಡ ಬರುತ್ತಿದ್ದವು, ಅವನ್ನು ಒಂದು ಕಡೆಗೆ ಬಗ್ಗಿಸಿ ಹಿಡಿಯಲು ಇನ್ನೊಂದು ಕೈ ಬೇಕಾಗಿತ್ತು. ಹಿಡಿದೆ. ಅವಳು ಕಾದ ಪೆಟ್ಟಿಗೆಯನ್ನು ತಾಗಿಸದೆ ಮೇಲೆ ಮೇಲೆ ಆಡಿಸಿದಳು. ಮೊಳಕೆಗಳು ಒಂದೊಂದಾಗಿ ತಲೆ ಬಾಗಿಸಿ ಸುರುಟಿಕೊಂಡವು. ಮೊದಲ ಮಳೆಯ ಹೊಲದ ವಾಸನೆ, ಸುಟ್ಟ ಗೋಂದಿನ ವಾಸನೆ ಒಟ್ಟಿಗೆ ಬಂತು. ಕಣ್ಣು ಮುಚ್ಚಿಕೊಂಡೆ, ಕೈ ಬಿಡಲಿಲ್ಲ. ಆಮೇಲೆ ಅವಳು ಕಡು ಟೀ ಡಿಕಾಕ್ಷನ್ನಿನಲ್ಲಿ ಅದ್ದಿದ ಕುಂಚವನ್ನು ಅವುಗಳ ಮೇಲೆಲ್ಲ ಸವರಿದಳು.

ಸಂಜೆ ಅಶ್ವತ್ಥ್ ಬಂದು ಹಲಗೆಯ ಮಟ್ಟಕ್ಕೆ ಬಗ್ಗಿ ಬಹಳ ಹೊತ್ತು ನೋಡಿದ.

“ಅಕ್ಕ, ಈ ಒಣಹುಲ್ಲು ಎಲ್ಲಿ ಸಿಕ್ತು? ನಾವು ಫಾರಿನ್ನಿಂದ ತರಿಸೋದೂ ಹಿಂಗಿರಲ್ಲ.”

ತರನ್ನುಮ್ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಭಾನುವಾರ ಅವನ ಫೋನು ಬಂತು. ಗೆಳೆಯರಿಗೂ ಅಂಥ ಕಾಡು ಬೇಕಂತೆ, ಅದೇ ಹುಲ್ಲು ಇರಬೇಕಂತೆ. ಸೋಮವಾರ ಬೆಳಗ್ಗೆ ಗಾರ್ಮೆಂಟ್ಸಿನ ವ್ಯಾನು ಬೀದಿಯಲ್ಲಿ ಹಾರ್ನ್ ಮಾಡಿ, ಕಾದು, ಹೋಯಿತು. ತರನ್ನುಮ್ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದಳು.

“ಸ್ವಲ್ಪ ರಾಗಿ ಕೊಡಿ ಅಮ್ಮ.”

ಯಾತಕ್ಕೆಂದು ಇಬ್ಬರಿಗೂ ಗೊತ್ತಿತ್ತು. ಡಬ್ಬಿಯೊಳಗೆ ಕೈಯಿಟ್ಟವಳು ಹಾಗೇ ನಿಂತೆ. ಅಷ್ಟು ಮೆಟ್ಟಿಲು ಹತ್ತಿ ಬಂದರೂ ಅವಳು ಕೆಮ್ಮಿರಲಿಲ್ಲ. ಬಟ್ಟಲು ತುಂಬಿಸಿ ಕೊಟ್ಟೆ.

“ಬಿತ್ವಾಗ ಕರಿ, ಬತ್ತೀನಿ. ಇಸ್ತ್ರಿ ಆಕ್ವಾಗ ಮಾತ್ರ ಕರೀಬೇಡ ಕಣವ್ವ.”